ಟೋಪಿ ತೆಗೆದ ತೆಂತಿಮಿಶ್ ಅತಾ

ನಮ್ಮೂರು ಕೊಚ್ಕೊರಿನ ಖಬರಸ್ಥಾನದಲ್ಲಿ ಕಪ್ಪು ಗೋರಿಕಲ್ಲುಗಳ ಮೇಲೆ ಕೆತ್ತಿರುವ ಗಂಡಸರಲ್ಲಿ ಅರ್ಧಕ್ಕರ್ಧ ಜನ ಒಂದೇ ಕೋಟು ತೊಟ್ಟಿದ್ದಾರೆ. ಎಡಗಡೆಯ ಕಾಲರು ಸ್ವಲ್ಪ ಎದ್ದುಕೊಂಡಿರುವ ಆ ಕೋಟು ನಮ್ಮ ಮನೆಯವರ ಮದುವೆಯದು. ಮದುವೆಯ ಬೆಳಗ್ಗೆ ಗಡಿಬಿಡಿಯಲ್ಲಿ ಇಸ್ತ್ರಿ ಮಾಡಿ ಕಾಲರು ಕೆಡಿಸಿದವರು ನಮ್ಮತ್ತೆ. ಆ ಎಡವಟ್ಟು ಈಗ ಕಲ್ಲಿನಲ್ಲಿ ಶಾಶ್ವತವಾಗಿ ಕೂತುಬಿಟ್ಟಿದೆ. ಜೀವಮಾನವಿಡೀ ಕುರಿ ಕಾಯ್ದು, ತುಪ್ಪಳದ ಅಂಗಿ ಬಿಟ್ಟು ಬೇರೇನನ್ನೂ ಮೈಗೆ ತಾಗಿಸದವರೂ ಅಲ್ಲಿ ಟೈ ಕಟ್ಟಿಕೊಂಡು ಗಂಭೀರವಾಗಿ ನಿಂತಿದ್ದಾರೆ.

ನಮ್ಮ ಮನೆಯವರ ಹೆಸರು ಶೈಲೋಬೆಕ್. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. ಬರೆಯುವಾಗ ಬೇರೆ ದಾರಿಯಿಲ್ಲವೆಂದು ಒಮ್ಮೆ ಬರೆದಿದ್ದೇನೆ, ಇನ್ನು ಮುಂದೆ ಇವರು ಎಂದರೆ ಇವರೇ. ಚುನಾವಣೆಯ ದಿನ ಹುಟ್ಟಿದರೆಂದು, ಆರಿಸುವುದು ಎಂಬ ಅರ್ಥ ಬರುವ ಈ ಹೆಸರನ್ನು ಇಟ್ಟರಂತೆ. ಇಟ್ಟ ಪುಣ್ಯಾತ್ಮರಿಗೆ ಕೈಮುಗಿಯಬೇಕು. ಸಂತೆಯಲ್ಲಿ ಒಂದು ಕಲ್ಲಂಗಡಿ ಹಣ್ಣು ಆರಿಸುವುದೆಂದರೆ ಇವರಿಗೆ ಒಂದು ಮಧ್ಯಾಹ್ನದ ಕೆಲಸ. ತಟ್ಟುತ್ತಾರೆ, ಕಿವಿಗೆ ಹಿಡಿಯುತ್ತಾರೆ, ಕೆಳಗಿಡುತ್ತಾರೆ, ಮತ್ತೆ ಮೊದಲನೆಯದಕ್ಕೇ ಬರುತ್ತಾರೆ. ಕೊನೆಗೆ ಮಾರುವವನೇ ರೇಗಿ ಒಂದನ್ನು ಇವರ ಕೈಗೆ ತುರುಕಿ ಕಳಿಸುತ್ತಾನೆ.

ಸಂತೆಯ ಬಾಗಿಲಿಗೆ ಅಂಟಿಕೊಂಡಂತೆ ಇವರ ಸ್ಟುಡಿಯೊ. ಎದುರಿಗೇ ನನ್ನ ತಂದೂರಿ ಒಲೆ ಮತ್ತು ರೊಟ್ಟಿ ಅಂಗಡಿ. ಸ್ಟುಡಿಯೊಗೆ ಬದುಕಿರುವವರು ಪಾಸ್‌ಪೋರ್ಟ್ ಫೋಟೊಗೆಂದು ಬರುತ್ತಾರೆ, ಸತ್ತವರ ಪರವಾಗಿ ಅವರ ಮಕ್ಕಳು ಬರುತ್ತಾರೆ. ಕಲ್ಲು ಕೆತ್ತುವವನಿಗೆ ದೊಡ್ಡದಾದ, ಸ್ಪಷ್ಟವಾದ ಮುಖ ಬೇಕು. ಮಕ್ಕಳು ತರುವುದು ಹೆಬ್ಬೆರಳಿನಷ್ಟು ಹಳೆಯ ಫೋಟೊ, ಇಲ್ಲವೇ ಯಾವುದೋ ಮದುವೆ ಊಟದಲ್ಲಿ ಅಪ್ಪ ಬಾಯಿತುಂಬ ಮಾಂಸ ಇಟ್ಟುಕೊಂಡದ್ದು. ಇವರು ಅದನ್ನು ಕಂಪ್ಯೂಟರಿಗೆ ಹಾಕಿ, ಪಕ್ಕದವರ ಭುಜ ಅಳಿಸಿ, ಮುಚ್ಚಿದ ಕಣ್ಣು ತೆರೆಸಿ, ತಲೆಗೆ ಬಿಳಿ ಉಣ್ಣೆ ಟೋಪಿ ಇಟ್ಟು, ಕತ್ತಿನ ಕೆಳಗೆ ನಮ್ಮ ಮದುವೆ ಫೋಟೊದಿಂದ ಕತ್ತರಿಸಿಟ್ಟುಕೊಂಡ ಆ ಕೋಟನ್ನು ಜೋಡಿಸುತ್ತಾರೆ. ಮಕ್ಕಳು ನೋಡಿ "ಅಪ್ಪ ಥೇಟ್ ಹೀಗೇ ಇದ್ರು" ಎಂದು ಅಳುತ್ತಾರೆ. ಹಾಗೆ ಇರಲಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಸಮಾಧಾನ ಸಿಗುತ್ತದಲ್ಲ, ಅದು ಸಣ್ಣ ಕೆಲಸವೇನಲ್ಲ.

ಹೀಗೆ ನೆಮ್ಮದಿಯಾಗಿದ್ದ ಮನುಷ್ಯನ ತಲೆ ಕೆಡಿಸಿದವಳು ರಾಜಧಾನಿ ಬಿಷ್ಕೆಕ್‌ನಿಂದ ಬಂದ ಒಬ್ಬ ಹುಡುಗಿ. ಬೇಸಿಗೆ ಮುಗಿಯುವ ಹೊತ್ತಿಗೆ, ಮೇಲಿನ ಸರೋವರದ ಫೋಟೊ ತೆಗೆದುಕೊಂಡು ಇಳಿದು ಬರುತ್ತಿದ್ದವಳು, ಬ್ಯಾಟರಿ ಚಾರ್ಜು ಮಾಡಿಕೊಳ್ಳಲು ಸ್ಟುಡಿಯೊಗೆ ನುಗ್ಗಿದಳು. ನಾನು ಅವಳಿಗೆ ಬಿಸಿ ರೊಟ್ಟಿ ಕೊಡಲು ಹೋಗಿದ್ದೆ. ಗೋಡೆಯ ತುಂಬ ತೂಗುಹಾಕಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಅಣ್ಣಾ, ಇವೆಲ್ಲ ಬೇರೆಯವರಿಗೋಸ್ಕರ ಮಾಡಿದ್ದು. ನಿಮಗೋಸ್ಕರ ಏನು ತೆಗೀತೀರಿ?"

ಇವರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು.

"ಟೀ ಕುಡೀತೀಯಾ ತಂಗಿ?" ಎಂದರು.

ಹೋಗುವಾಗ ಆ ಹುಡುಗಿ ಫೋನ್ ನಂಬರು ಕೊಟ್ಟು, "ಎಲ್ಲೂ ದೂರ ಹೋಗ್ಬೇಡಿ, ನಿಮ್ಮ ಗೇಟಿನ ಸುತ್ತಮುತ್ತಲೇ ಹುಡುಕಿ. ನಿಮಗೆ ಇಷ್ಟವಾದದ್ದು ಒಂದು ಸಿಕ್ಕಿದ್ರೆ ಕಳಿಸಿ, ನಮ್ಮ ಪ್ರದರ್ಶನದಲ್ಲಿ ಇಡ್ತೀವಿ" ಎಂದಳು. ಅವಳು ಬಸ್ಸು ಹತ್ತಿ ಹೋದಳು, ಇವರ ನಿದ್ದೆಯೂ ಅದೇ ಬಸ್ಸು ಹತ್ತಿತು.

ಮೊದಲು ಮಾಡಿದ ಕೆಲಸವೆಂದರೆ ದೂರ ಹೋದದ್ದು. ಭಾವನ ಕಾರು ಕೇಳಿಕೊಂಡು ಕಣಿವೆಯ ತುದಿಯವರೆಗೆ ಹೋಗಿ, ಹಿಮದ ಬೆಟ್ಟ, ಕುದುರೆ ಹಿಂಡು, ಹದ್ದು ಎಲ್ಲವನ್ನೂ ತೆಗೆದುಕೊಂಡು ಬಂದರು. ನನಗೆ ತೋರಿಸಿದರು. ಎಲ್ಲವೂ ದವಸದ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರಿನಂತಿದ್ದವು. ಹಾಗೆಂದೇ ಹೇಳಿದೆ. ಇವರು ಅದನ್ನು ಹೊಗಳಿಕೆಯೋ ಬೈಗುಳವೋ ಎಂದು ತಿಳಿಯದೆ ಮತ್ತೊಮ್ಮೆ ಮೊದಲಿನಿಂದ ನೋಡಿದರು.

"ಹತ್ತಿರ ಅಂದಳಲ್ಲ ಆ ಹುಡುಗಿ, ಎಷ್ಟು ಹತ್ತಿರ ಅಂತ ಇರಬಹುದು?" ಎಂದು ಕೇಳಿದರು.

"ನಿಮ್ಮ ಮೂಗಿನ ತುದೀಲಿ ನೋಡಿ, ಅಲ್ಲೇನಾದ್ರೂ ಕೂತಿರಬಹುದು."

"ತಮಾಷೆ ಮಾಡ್ಬೇಡ ಬುರುಲ್. ನಮ್ಮ ಮನೇಲಿ ನೋಡುವಂಥದ್ದು ಏನಿದೆ?"

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಎದುರಿಗೆ ನಿಂತು ಕೇಳುವ ಪ್ರಶ್ನೆಯೇ ಇದು? ನಾನು ಹಿಟ್ಟು ನಾದುವುದಕ್ಕೆ ಹೋದೆ.

ಆಮೇಲೆ ಶುರುವಾಯಿತು. ಕ್ಯಾಮೆರಾ ಕತ್ತಿಗೆ ನೇತುಹಾಕಿಕೊಂಡು ಅಂಗಳದಲ್ಲೇ ಸುತ್ತತೊಡಗಿದರು. ಮಸಿ ಹಿಡಿದ ಕೆಟಲು, ಚಳಿಗಾಲಕ್ಕೆಂದು ಒಟ್ಟಿದ ಬೆರಣಿ, ಗೇಟಿನ ಅಗುಳಿ, ಸೋಮಾರಿಯಾಗಿ ಬಿದ್ದುಕೊಂಡ ನಮ್ಮ ನಾಯಿ. ಬೆರಣಿಯ ಮುಂದೆ ಮಂಡಿಯೂರಿ ಕೂತಿದ್ದನ್ನು ಕಂಡು ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನನಗೆ ನಾಚಿಕೆಯಾಯಿತು.

"ಇದರಲ್ಲಿ ಏನಿದೇಂತ ತೆಗೆದ್ರಿ?"

"ಗೊತ್ತಿಲ್ಲ."

"ಮತ್ಯಾಕೆ ತೆಗೆದ್ರಿ?"

"ಅದೇ ನನಗೂ ಗೊತ್ತಾಗ್ತಿಲ್ಲ."

ನಮ್ಮ ಎದುರು ಮನೆ ತೆಂತಿಮಿಶ್ ಅತಾ ಅವರದು. ಅತಾ ಎಂದರೆ ಅಪ್ಪ. ಬೀದಿಗೆಲ್ಲ ಅವರು ಅಪ್ಪನೇ. ಒಂದು ಕಾಲದಲ್ಲಿ ನಾರಿನ್‌ಗೆ ಹೋಗುವ ಬಸ್ಸು ಓಡಿಸುತ್ತಿದ್ದರು, ಈಗ ಮಗ ಎಸೆನ್ ಮತ್ತು ಸೊಸೆ ನಸಿಪಾ ಜೊತೆಗೆ ಇದ್ದುಕೊಂಡು ಕುದುರೆ ನೋಡಿಕೊಳ್ಳುತ್ತಾರೆ. ಇವರ ಅಪ್ಪ ತೀರಿಕೊಂಡಾಗ ಇವರನ್ನು ಎದೆಗೆ ಅವುಚಿಕೊಂಡು ಅತ್ತವರು ಅತಾ. ನಮ್ಮ ಮದುವೆಗೆ ಕುರಿ ಕಡಿದವರೂ ಅವರೇ. ಸಂಜೆಯಾದರೆ ಗೇಟಿನ ಹೊರಗಿನ ಬೆಂಚಿನ ಮೇಲೆ ಕೂರುವುದು ಅವರ ಪದ್ಧತಿ. ಬಿಳಿ ಟೋಪಿ ಇಲ್ಲದ ಅವರ ತಲೆಯನ್ನು ನಾನು ಸೊಸೆಯಾಗಿ ಈ ಬೀದಿಗೆ ಬಂದಾಗಿನಿಂದ ನೋಡಿದ್ದಿಲ್ಲ.

ಆ ಸಂಜೆ ಬೀದಿಯಲ್ಲಿ ಯಾರೂ ಇಲ್ಲವೆಂದುಕೊಂಡರೋ ಏನೋ, ಅತಾ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಮೂಗು ಸುಕ್ಕು ಮಾಡಿ, ಬಾಯಿ ಅರ್ಧ ತೆರೆದು, ಬಹಳ ಸುಖವಾಗಿ ತಲೆ ಕೆರೆದುಕೊಳ್ಳತೊಡಗಿದರು. ಬಿಸಿಲಿಗೆ ಸುಟ್ಟ ಮುಖ. ಅದರ ಮೇಲೆ ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಿನ ಹಣೆ. ನಮ್ಮ ಗೇಟಿನ ಸಂದಿಯಲ್ಲಿ ನಿಂತಿದ್ದ ಇವರು ಎರಡು ಮೂರು ಸಲ ಕ್ಲಿಕ್ ಮಾಡಿಬಿಟ್ಟರು. ಸದ್ದಿಗೆ ಅತಾ ತಲೆಯೆತ್ತಿದರು.

"ತೆಗೆದೆಯಾ ಮಗಾ?"

"ತೆಗೆದೆ ಅತಾ. ಚೆನ್ನಾಗಿ ಬಂತು."

"ಸರಿ ಹಾಗಾದ್ರೆ."

ಅತಾ ಟೋಪಿ ಇಟ್ಟುಕೊಂಡರು. ಎದ್ದು ನಿಂತು ಬೆಟ್ಟದ ಕಡೆಗೆ ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ ಗೇಟು ಹಾಕಿಕೊಂಡರು. ಇವರು ಮಾತ್ರ ಹಬ್ಬದ ಕಳೆ ಹೊತ್ತುಕೊಂಡು ಮನೆಗೆ ಬಂದು, "ಬುರುಲ್, ಇವತ್ತು ಏನೋ ಸಿಕ್ತು. ಏನು ಅಂತ ಕೇಳ್ಬೇಡ, ಆದ್ರೆ ಸಿಕ್ತು" ಎಂದರು.

ಮರುದಿನ ಅತಾ ಬೆಂಚಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೀದಿಯಲ್ಲಿ ವಿಚಿತ್ರಗಳು ನಡೆಯತೊಡಗಿದವು. ಇವರು ಕ್ಯಾಮೆರಾ ಹಿಡಿದು ಹೊರಟರೆ ಗೇಟುಗಳು ದಡಬಡ ಮುಚ್ಚಿಕೊಳ್ಳುತ್ತಿದ್ದವು. ಮೂಲೆಮನೆಯವಳು ಸೌದೆ ಸೀಳುತ್ತಿದ್ದ ಗಂಡನನ್ನು ಕಾಲರು ಹಿಡಿದು ಒಳಗೆಳೆದುಕೊಂಡಳು. ಇನ್ನು ಕೆಲವರು ಎಂದೂ ಇಲ್ಲದ ಪ್ರೀತಿಯಿಂದ ಬೆಣ್ಣೆ, ಒಣಮೊಸರಿನ ಉಂಡೆ ತಂದುಕೊಟ್ಟು, ಇವರ ಕೈ ಹಿಡಿದು, "ನಮ್ಮ ಮನೆ ಕಡೆ ಏನಾದ್ರೂ ಇದೆಯಾ ಶೈಲೋ?" ಎಂದು ಕೇಳಿ, ಉತ್ತರ ಬರುವ ಮೊದಲೇ ಓಡಿಹೋಗುತ್ತಿದ್ದರು. ಇವರಿಗಂತೂ ತಲೆಬುಡ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಒಂದು ಬೆಳಗ್ಗೆ ಶಾರ್ಕಾನ್ ಅಪಾ ಎಂಬ ಮುದುಕಿ ವೆಲ್ವೆಟ್ ಅಂಗಿ, ಬೆಳ್ಳಿಯ ಓಲೆ ಹಾಕಿಕೊಂಡು ಸ್ಟುಡಿಯೊಗೆ ಬಂದು ಕೂತಳು.

"ನನ್ನದೂ ತೆಗೆದುಬಿಡು ಮಗಾ. ನಾನು ಹೆದರೋಳಲ್ಲ. ಎಷ್ಟು ಹೊತ್ತಿದೆ ಅಂತ ಒಂದು ಮಾತು ಹೇಳಿಬಿಡು."

"ಐದು ನಿಮಿಷ ಸಾಕು ಅಪಾ" ಎಂದರು ಇವರು.

ಅಪಾ ಬಿಳಿಚಿಕೊಂಡು, ಎದ್ದು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ನಾನು ಓಡಿಹೋಗಿ ನೀರು ಕುಡಿಸಬೇಕಾಯಿತು. ಹೋಗುವಾಗ ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಾ ಹೋದಳು.

ಕೊನೆಗೆ ವಿಷಯ ಬಿಡಿಸಿ ಹೇಳಿದವಳು ನನ್ನ ಪಕ್ಕದಲ್ಲಿ ಮಾಂಸ ಮಾರುವ ತೊತೂಯಾ. ಅವಳು ಮಚ್ಚು ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದಳು.

"ಬುರುಲಕ್ಕಾ, ಇಡೀ ಊರಿಗೆ ಗೊತ್ತಿರೋದನ್ನ ನೀನು ಯಾಕೆ ಮುಚ್ಚಿಡ್ತೀಯ? ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋ ಹುಡುಗಿ ನಿನ್ನ ಗಂಡನ ತಂಗಿ ಮಗಳು. ಯಾರ ಗತಿ ಏನು ಅಂತ ಅವಳು ಮಾವನಿಗೆ ಹೇಳ್ತಾಳೆ. ಮುಖ ತುಂಬಿಕೊಂಡಿರೋವಾಗಲೇ ಫೋಟೊ ತೆಗೆದಿಟ್ಕೊಂಡ್ರೆ ಆಮೇಲೆ ಕಲ್ಲಿಗೆ ಸುಲಭ. ತಪ್ಪು ಅಂತ ಯಾರೂ ಅಂತಿಲ್ಲ, ಒಳ್ಳೆ ಕೆಲಸಾನೇ. ಆದ್ರೂ ಸ್ವಲ್ಪ ಮರೆಯಲ್ಲಿ ತೆಗೀಬೇಕಪ್ಪಾ!"

ಆಗ ನನಗೆ ಎಲ್ಲ ಹೊಳೆಯಿತು. ತೆಂತಿಮಿಶ್ ಅತಾ ಬಿಡದ ಕೆಮ್ಮಿಗೆಂದು ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದಿದ್ದರು. ನಾರಿನ್‌ನಿಂದ ದೊಡ್ಡ ಡಾಕ್ಟರು ಬಂದು ನೋಡುವವರೆಗೆ ಫಲಿತಾಂಶ ಇಲ್ಲವೆಂದಿದ್ದರು. ಅಂಥ ಹೊತ್ತಿನಲ್ಲಿ ಗೋರಿಕಲ್ಲಿನ ಫೋಟೊಗ್ರಾಫರು ಗೇಟಿನ ಸಂದಿಯಲ್ಲಿ ನಿಂತು ಕೇಳದೆಯೇ ಫೋಟೊ ತೆಗೆದು, ಚೆನ್ನಾಗಿ ಬಂತು ಎಂದರೆ ಯಾರು ತಾನೇ ಏನೆಂದುಕೊಳ್ಳುತ್ತಾರೆ? ಅತಾ ಅಂದಿನಿಂದ ಮಲಗಿಬಿಟ್ಟಿದ್ದರು. ಕಾಯಿಲೆಯಿಂದಲ್ಲ, ತಮ್ಮ ಸರದಿ ಬಂತೆಂದು ಒಪ್ಪಿಕೊಂಡು ಮಲಗಿದ್ದರು. ಅವರ ವಯಸ್ಸಿನವರು ಚಳಿಗಾಲದ ಬಾಗಿಲಲ್ಲಿ ಹೀಗೆ ಮಲಗಿದರೆ ಏಳುವುದಿಲ್ಲ. ರೋಗ ಬೇಕೆಂದೇ ಇಲ್ಲ, ಹಾಸಿಗೆಯೇ ಸಾಕು.

ವಿಷಯವನ್ನು ಇವರಿಗೆ ಹೇಳಿದೆ. ಇವರು ತಟ್ಟನೆ ಎದ್ದು, "ಹೋಗಿ ನಿಜ ಹೇಳಿಬಿಡ್ತೀನಿ, ಅಷ್ಟೇ ತಾನೇ" ಎಂದರು. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಸಾವಿನ ಮಾತನ್ನು ನಾವು ನೇರವಾಗಿ ಆಡುವವರಲ್ಲ. ತಾಯಿಗೆ ಮಗ ಸತ್ತ ಸುದ್ದಿ ಹೇಳಬೇಕಾದರೂ ಹಿರಿಯರು ಬಂದು ಕೂತು, ಹಾರಿಹೋದ ಗಿಡುಗದ ಬಗ್ಗೆ, ಬತ್ತಿದ ತೊರೆಯ ಬಗ್ಗೆ ಮಾತು ಶುರುಮಾಡುತ್ತಾರೆ. ಕೇಳುವವಳಿಗೆ ನಿಧಾನವಾಗಿ ತಿಳಿಯುತ್ತದೆ. ಸುತ್ತಿ ಬಳಸಿ ಹೇಳುವುದೇ ಮರ್ಯಾದೆ. ಹೀಗಿರುವಾಗ ಇಲ್ಲ ಎಂದರೂ ಅದು ಹೌದು ಎಂದೇ ಕೇಳಿಸುತ್ತದೆ.

ನಾವಿಬ್ಬರೂ ಹೋದಾಗ ಅತಾ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಹೊರಗೆ ಅಂಗಳದಲ್ಲಿ ಎಸೆನ್ ಉಣ್ಣೆಯ ಗುಡಾರದ ಕೋಲುಗಳನ್ನು ಬಿಚ್ಚಿ ಒರೆಸುತ್ತಿದ್ದ. ಆ ಗುಡಾರವನ್ನು ಅಂಗಳದಲ್ಲಿ ಯಾವಾಗ ನಿಲ್ಲಿಸುತ್ತಾರೆ, ಮಣ್ಣಿಗೆ ಒಯ್ಯುವವರೆಗೆ ಅದರೊಳಗೆ ಯಾರನ್ನು ಮಲಗಿಸುತ್ತಾರೆ ಎಂದು ಎಲ್ಲರಿಗೂ ಗೊತ್ತು. ನಾನು ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಒಳಗೆ ಹೋದೆ. ನಸಿಪಾ ಟೀ ಬಗ್ಗಿಸಿದಳು.

"ಅತಾ, ನಾನು ಸುಮ್ಮನೆ ತೆಗೆದೆ" ಎಂದರು ಇವರು.

"ಗೊತ್ತು ಮಗಾ, ಸುಮ್ಮನೆ."

"ನಿಜವಾಗ್ಲೂ ಸುಮ್ಮನೆ ಅತಾ. ಸಂಜೆ ಬಿಸಿಲು ನಿಮ್ಮ ಹಣೆ ಮೇಲೆ ಬಿದ್ದಿತ್ತು. ಇನ್ನೇನು ಬೆಟ್ಟದ ಹಿಂದೆ ಹೋಗ್ತಿತ್ತು. ಹೋಗೋದ್ರೊಳಗೆ ತೆಗೆದಿಡೋಣ ಅನ್ನಿಸ್ತು..."

ನಸಿಪಾ ಬಟ್ಟಲು ಕೆಳಗಿಟ್ಟು, ತೋಳಿನಲ್ಲೇ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಅಂಗಳದಲ್ಲಿ ಅವಳು ಅಳುವುದು ಕೇಳಿಸಿತು. ಅತಾ ಈ ಕಡೆ ತಿರುಗಿ ಇವರ ಮಂಡಿ ತಟ್ಟಿದರು.

"ಚೆನ್ನಾಗಿ ಹೇಳಿದೆ. ನಿಮ್ಮಪ್ಪನಿಗೂ ಇಷ್ಟು ಚಂದ ಮಾತಾಡೋಕೆ ಬರ್ತಿರಲಿಲ್ಲ."

ನಾನು ಇವರ ತೊಡೆ ಹಿಂಡಿದೆ. ಇವರು ಇನ್ನಷ್ಟು ಗಾಬರಿಯಾಗಿ, ಬೆಳಕು, ನೆರಳು, ಋತು ಎಂದೆಲ್ಲ ಸೇರಿಸಿದರು. ಪ್ರತಿ ಮಾತಿಗೂ ಅತಾ ಶಾಂತವಾಗಿ ತಲೆದೂಗಿದರು. ಆಮೇಲೆ ಮಗನನ್ನು ಕರೆದು, ಬೂದು ಕುದುರೆ ಗಬ್ಬವಾಗಿದೆ, ಅದನ್ನು ಮುಟ್ಟಬೇಡ, ಮಣ್ಣಿಗೆ ಬಂದವರ ಊಟಕ್ಕೆ ಕಂದು ಕುದುರೆ ಕಡಿದರೆ ಸಾಕು ಎಂದು ತಿಳಿಸಿದರು. ಹೊರಗೆ ಬಂದ ಮೇಲೆ ಇವರು ನನ್ನನ್ನು ಕೇಳಿದ್ದು ಒಂದೇ.

"ನಾನು ಏನಂದೆ ಬುರುಲ್?"

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಇವರಿಗೆ ತಪ್ಪು ಮಾಡಿದರೆ ಸರಿಪಡಿಸುವ ಚಟ. ಅತಾ ಅವರಿಗೆ ಬೇಸರವಾಗಿದೆ, ಒಂದು ಒಳ್ಳೆಯ ಉಡುಗೊರೆ ಕೊಟ್ಟರೆ ಮನಸ್ಸು ಹಗುರಾದೀತು ಎಂದು ಇವರೇ ಯೋಚಿಸಿ, ನನಗೆ ಹೇಳದೆ, ಆ ಮಧ್ಯಾಹ್ನವೆಲ್ಲ ಸ್ಟುಡಿಯೊ ಬಾಗಿಲು ಹಾಕಿಕೊಂಡು ಕೂತರು. ತಲೆ ಕೆರೆದುಕೊಳ್ಳುವ ಫೋಟೊ ಕೊಟ್ಟರೆ ಹಿರಿಯರಿಗೆ ಅವಮರ್ಯಾದೆಯಲ್ಲವೇ? ಹಾಗಾಗಿ ತೆರೆದ ಬಾಯಿ ಮುಚ್ಚಿಸಿದರು. ಮೂಗಿನ ಸುಕ್ಕು ತೆಗೆದರು. ಬೆಳ್ಳಗಿನ ಹಣೆಯ ಮೇಲೆ ಟೋಪಿ ಇಟ್ಟರು. ಕತ್ತಿನ ಕೆಳಗೆ ಏನಾದರೂ ಬೇಕಲ್ಲ, ಕೈಗೆ ಅಭ್ಯಾಸವಿದ್ದದ್ದು ಒಂದೇ ಕೋಟು. ಅದನ್ನು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ತಾವೇ ಹೊತ್ತುಕೊಂಡು ಹೋಗಿ ಅತಾ ಅವರ ಕೈಗೆ ಕೊಟ್ಟು ಬಂದರು.

ನಸಿಪಾ ನನ್ನ ಒಲೆಯ ಹತ್ತಿರ ಬಂದು ನಿಂತಾಗ ಅವಳ ಕಣ್ಣು ಊದಿಕೊಂಡಿದ್ದವು.

"ಅಕ್ಕಾ, ಮಾವ ಆ ಫೋಟೊನ ಎರಡೂ ಕೈಯಲ್ಲಿ ಇಸ್ಕೊಂಡ್ರು. ಕೋಟೂ ಹಾಕಿಬಿಟ್ಟಿದಾನೆ, ಪಾಪ, ಎಷ್ಟು ಕಷ್ಟಪಟ್ಟಿದಾನೆ ಅಂದ್ರು. ತಲೆದಿಂಬಿನ ಹತ್ರ ಇಡಿಸ್ಕೊಂಡ್ರು. ಆಗಿನಿಂದ ಸಾರೂ ಮುಟ್ತಿಲ್ಲ. ಕಂದು ಕುದುರೇನ ಹುಲ್ಲುಗಾವಲಿಂದ ತರೋಕೆ ನಮ್ಮನೆಯವರನ್ನ ಕಳಿಸಿದಾರೆ."

ನಾನು ಹಿಟ್ಟಿನ ಕೈಯಲ್ಲೇ ಸ್ಟುಡಿಯೊಗೆ ನುಗ್ಗಿದೆ. ನನ್ನ ಸಿಟ್ಟು ಇಡೀ ಸಂತೆಗೆ ಗೊತ್ತು, ಅಂದು ಇನ್ನೊಮ್ಮೆ ಗೊತ್ತಾಯಿತು.

"ನಿಮ್ಮ ತಲೇಲಿ ಮಿದುಳಿದೆಯೋ ಹಿಟ್ಟಿದೆಯೋ?"

"ಅವರಿಗೆ ಸಂತೋಷ ಆಗ್ಲಿ ಅಂತ..."

"ಈ ಊರಲ್ಲಿ ಆ ಕೋಟು ಹಾಕ್ಕೊಂಡೋರು ಒಬ್ಬರಾದ್ರೂ ಬದುಕಿದಾರಾ? ಹೇಳಿ!"

ಇವರು ಪ್ರಾಮಾಣಿಕವಾಗಿ ಯೋಚಿಸಿದರು.

"ನಾನಿದೀನಲ್ಲ" ಎಂದರು.

ನಗುವುದೋ ಅಳುವುದೋ ತಿಳಿಯದೆ ಇವರ ಕತ್ತಿನಿಂದ ಕ್ಯಾಮೆರಾ ಕಿತ್ತುಕೊಂಡೆ. ಫೋಟೊ ನೋಡುವುದು ಹೇಗೆ, ಮುಂದಿನದಕ್ಕೆ ಹೋಗುವುದು ಹೇಗೆ ಎಂದು ಕೇಳಿ ತಿಳಿದುಕೊಂಡೆ. ಅಂಗಡಿಯನ್ನು ತೊತೂಯಾಗೆ ಒಪ್ಪಿಸಿ ನಸಿಪಾಳ ಹಿಂದೆಯೇ ಹೊರಟೆ. ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿದೆ, ಏನೂ ಹೊಳೆಯಲಿಲ್ಲ. ಏನು ಹೇಳಿದರೂ ಅವರು ಸಾವಿನ ಮಾತೆಂದೇ ತಿಳಿಯುತ್ತಾರೆ. ಹಾಗಾದರೆ ಏನೂ ಹೇಳುವುದು ಬೇಡ, ತೋರಿಸಿಬಿಡೋಣ ಎಂದುಕೊಂಡೆ.

ಅತಾ ಬಹಳ ಇಳಿದುಹೋಗಿದ್ದರು. ತಲೆಯ ಬಳಿ ಆ ಕೋಟಿನ ಫೋಟೊ ನೆಟ್ಟಗೆ ನಿಂತಿತ್ತು. ಹಾಸಿಗೆಯಲ್ಲಿದ್ದವರಿಗಿಂತ ಅದೇ ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ನಾನು ಅವರ ಪಕ್ಕದಲ್ಲಿ ಕೂತು ಕ್ಯಾಮೆರಾವನ್ನು ಅವರ ಕಣ್ಣಿನ ಮುಂದೆ ಹಿಡಿದೆ.

"ಇದೇನಮ್ಮಾ?"

"ನಮ್ಮನೆ ಕೆಟಲು, ಅತಾ."

"ಅದಕ್ಕೇನಾಗಿದೆ?"

"ಏನೂ ಆಗಿಲ್ಲ."

ಮುಂದಿನದು ಒತ್ತಿದೆ.

"ಇದು?"

"ಬೆರಣಿ."

"ಬೆರಣಿ ಫೋಟೊ ಯಾಕೆ?"

"ಅದನ್ನೇ ನಾನೂ ಕೇಳ್ತಿದೀನಿ. ನಮ್ಮನೆಯವರು ಉತ್ತರ ಕೊಡ್ತಿಲ್ಲ."

ಅಗುಳಿ ಬಂತು. ಬೆರಣಿಯನ್ನೇ ಇನ್ನೊಂದು ಕಡೆಯಿಂದ ತೆಗೆದದ್ದು ಬಂತು. ನಮ್ಮ ನಾಯಿ ಬಂತು, ಒಂದಲ್ಲ ಹಲವು ಸಲ. ಅತಾ ಮೊಣಕೈ ಊರಿ ಸ್ವಲ್ಪ ಎದ್ದರು.

"ನಿಮ್ಮ ನಾಯಿಗೂ ಕಲ್ಲು ಹಾಕಿಸ್ತಾನಾ ಇವನು?"

ಬಾಗಿಲಲ್ಲಿ ನಿಂತಿದ್ದ ನಸಿಪಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ನಾನು ನಗಲಿಲ್ಲ. ಮುಂದಿನದು ಒತ್ತಿದೆ. ಬೆಂಚು, ಮಂಡಿಯ ಮೇಲೆ ಟೋಪಿ, ಸುಕ್ಕಾದ ಮೂಗು, ಅರ್ಧ ತೆರೆದ ಬಾಯಿ, ತಲೆಯ ಮೇಲೆ ಐದೂ ಬೆರಳು. ಅತಾ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಹತ್ತಿರ ಹಿಡಿದರು, ದೂರ ಹಿಡಿದರು.

"ಇದು ನಾನಾ?"

"ನೀವೇ."

"ನನ್ನ ಹಣೆ ಇಷ್ಟು ಬೆಳ್ಳಗಿದೆಯಾ? ನನ್ನ ತಾಯಿ ಹಣೆ ಹೀಗಿತ್ತು." ಬೆರಳಿನಿಂದ ಪರದೆಯ ಮೇಲಿನ ಹಣೆ ಮುಟ್ಟಿದರು. "ಆ ದಡ್ಡನಿಗೆ ಇದು ಯಾಕೆ ಬೇಕಿತ್ತು?"

"ನೋಡೋಕೆ ಚೆನ್ನಾಗಿ ಕಂಡಿತಂತೆ."

"ಈ ಮುದಿ ತಲೆಯಾ?"

"ಹೂಂ."

"ಬೇರೆ ಏನಕ್ಕೂ ಅಲ್ಲ?"

"ಬೇರೆ ಏನಕ್ಕೂ ಅಲ್ಲ ಅತಾ. ನೋಡೋಕೆ ಅಷ್ಟೇ."

ಅವರು ತಲೆದಿಂಬಿನ ಬಳಿ ಇದ್ದ ಫೋಟೊವನ್ನು ನೋಡಿದರು, ಮತ್ತೆ ಕೈಯಲ್ಲಿದ್ದದ್ದನ್ನು ನೋಡಿದರು. ಇದನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸುವುದಿಲ್ಲವೆಂದು ಅವರಿಗೆ ತಿಳಿಯಿತು, ನಾನು ಹೇಳಬೇಕಾಗಲಿಲ್ಲ.

"ಹೆಂಡತಿ ಹೋದ ಮೇಲೆ ನನ್ನ ತಲೆಯನ್ನ ಯಾರೂ ನೋಡಿರಲಿಲ್ಲ" ಎಂದರು. ಆಮೇಲೆ ಬಾಗಿಲ ಕಡೆಗೆ ತಿರುಗಿ ದನಿ ಎತ್ತರಿಸಿದರು. "ನಸಿಪಾ, ಸಾರು ಇದೆಯಾ, ಇಲ್ಲಾ ಅದನ್ನೂ ನಿಮ್ಮ ನೆಂಟರಿಗೆ ಹಂಚಿಬಿಟ್ಟೆಯಾ?"

ನಸಿಪಾ ಅಡುಗೆಮನೆಗೆ ಓಡಿದಳು. ನಾನು ಅಲ್ಲೇ ಕೂತು, ಹಿಟ್ಟಿನ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮನೆಗೆ ಬಂದಾಗ ನನ್ನ ಮುಖ ನೋಡಿ ಇವರು ಅತಾ ಹೋಗಿಬಿಟ್ಟರೆಂದೇ ತಿಳಿದು ಕಂಬಕ್ಕೆ ಒರಗಿದರು. ಅದನ್ನು ಸರಿಪಡಿಸಲು ಇನ್ನೊಂದಿಷ್ಟು ಹೊತ್ತು ಬೇಕಾಯಿತು.

ಅತಾ ಮತ್ತೆ ಬೆಂಚಿಗೆ ಬಂದು ಕೂರತೊಡಗಿದರು. ಕಂದು ಕುದುರೆ ಹುಲ್ಲುಗಾವಲಿಗೆ ವಾಪಸಾಯಿತು. ಇವರು ಕಂಡರೆ ಸಾಕು, ಬೀದಿಗೆಲ್ಲ ಕೇಳುವಂತೆ, "ಬಂದ ನೋಡ್ರಪ್ಪಾ ಬೆರಣಿ ಫೋಟೊಗ್ರಾಫರು!" ಎಂದು ಕೂಗುತ್ತಿದ್ದರು. ಇವರಿಗೆ ಅದರಿಂದ ಸಂತೋಷವೇ. ಆದರೆ ಗೊಂದಲ ಹೋಗಲಿಲ್ಲ.

"ಆ ಫೋಟೊದಲ್ಲಿ ಏನಿದೇಂತ ಅವರು ಎದ್ರು?" ಎಂದು ನನ್ನನ್ನು ಕೇಳುತ್ತಾರೆ.

"ನೀವೇ ತೆಗೆದದ್ದಲ್ವಾ, ನಿಮಗೆ ಗೊತ್ತಿರ್ಬೇಕು."

"ನಾನು ಬರೀ ನೋಡ್ತಾ ಇದ್ದೆ, ಅಷ್ಟೇ."

ಬಿಷ್ಕೆಕ್ಕಿನ ಹುಡುಗಿಗೆ ಯಾವುದನ್ನು ಕಳಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಒಂದು ದಿನ ಅತಾ ಅವರದು, ಮರುದಿನ ಕೆಟಲು, ಅದರ ಮರುದಿನ ಯಾವುದೂ ಬೇಡ.

ಮೊದಲ ಹಿಮ ಬೀಳುವ ಹೊತ್ತಿಗೆ ಎಕ್ಸ್‌ರೇ ಫಲಿತಾಂಶ ಬಂತು. ಎದೆಯಲ್ಲಿ ಕಲೆ ಇದೆ, ದೊಡ್ಡದು, ಬಿಷ್ಕೆಕ್‌ಗೆ ಕರೆದೊಯ್ಯಬೇಕು ಎಂದರು ಡಾಕ್ಟರು. ಅಲ್ಲಿಗೆ ಹೋದರೂ ಹೆಚ್ಚೇನೂ ಆಗಲಿಕ್ಕಿಲ್ಲ ಎಂದೂ ಎಸೆನ್‌ಗೆ ಬೇರೆಯಾಗಿ ಹೇಳಿದರು. ಅತಾ ಹೋಗುವುದಿಲ್ಲ ಎಂದುಬಿಟ್ಟರು. ಈ ಸಲ ಮಲಗಲಿಲ್ಲ. ಮರುದಿನ ಬೆಳಗ್ಗೆ ಬಿಳಿ ಟೋಪಿ ಇಟ್ಟುಕೊಂಡು, ತಮ್ಮದೇ ಕಂದು ಕೋಟು ತೊಟ್ಟು, ಬಸ್ಸು ಓಡಿಸಿದ್ದಕ್ಕೆ ಸಿಕ್ಕಿದ್ದ ಪದಕ ಚುಚ್ಚಿಕೊಂಡು, ನಡೆದುಕೊಂಡೇ ಸ್ಟುಡಿಯೊಗೆ ಬಂದರು. ನಾನು ಟೀ ತೆಗೆದುಕೊಂಡು ಹಿಂದೆಯೇ ಹೋದೆ.

"ಶೈಲೋ, ಈಗ ತೆಗಿ. ಕಲ್ಲಿಗೆ. ನೀನು ಕದ್ದು ತೆಗೆಯೋದಲ್ಲ, ನಾನೇ ಹೇಳ್ತಿದೀನಿ. ಕೋಟು ನಂದೇ ಇದೆ, ನಿಂದು ಬೇಡ."

ಇವರು ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು. ದೀಪ ಹಾಕಿದರು. ಗಲ್ಲ ಸ್ವಲ್ಪ ಎತ್ತಿ ಎಂದರು. ಅತಾ ಎತ್ತಿದರು, ನೆಟ್ಟಗೆ, ಅಲ್ಲಾಡದೆ, ಕಲ್ಲಿಗೆ ಬೇಕಾದಂತೆಯೇ ಕೂತರು. ಇವರು ಕ್ಯಾಮೆರಾಗೆ ಕಣ್ಣಿಟ್ಟರು. ಇಟ್ಟವರು ತೆಗೆಯಲೇ ಇಲ್ಲ. ಸತ್ತವರ ಮುಖಗಳನ್ನು ರಾಶಿ ರಾಶಿಯಾಗಿ ತಿದ್ದಿದ ಆ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತ್ತು. ಆಮೇಲೆ ದೀಪವನ್ನು ಆಚೆ ಸರಿಸಿದರು, ಈಚೆ ಸರಿಸಿದರು, ಮೂಗು ಒರೆಸಿಕೊಂಡರು.

"ಬೆಳಕು ಸರಿಯಿಲ್ಲ ಅತಾ. ನಾಳೆ ಬನ್ನಿ."

ಅತಾ ಇವರ ಮುಖ ನೋಡಿದರು. ಸುತ್ತಲೂ ನೋಡಿದರು.

"ಹೌದಪ್ಪಾ, ಸರಿಯಿಲ್ಲ" ಎಂದು ಎದ್ದರು. "ನಾಳೆ ಬರ್ತೀನಿ."

ಮರುದಿನ ಬಂದರು. ಬೆಳಕು ಸರಿಯಿರಲಿಲ್ಲ. ಅದರ ಮರುದಿನವೂ ಬಂದರು. ಈಗ ರಸ್ತೆಯಲ್ಲಿ ಮೊಣಕಾಲುದ್ದ ಹಿಮವಿದೆ. ಎಸೆನ್ ಕೈಹಿಡಿದು ಕರೆತರುತ್ತಾನೆ. ಪದಕ ಹಾಕಿಕೊಂಡು ಬರುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ, ಬೈಯುತ್ತಾರೆ, ನನ್ನ ರೊಟ್ಟಿ ತಿಂದು ಟೀ ಕುಡಿದು ಹೋಗುತ್ತಾರೆ. ಯಾವಾಗ ತೆಗೆಯುತ್ತೀರಿ ಎಂದು ಇವರನ್ನು ಒಮ್ಮೆ ಕೇಳಿದೆ. "ಗೊತ್ತಿಲ್ಲ ಬುರುಲ್, ಅವರು ಬಂದು ಕೂತ ತಕ್ಷಣ ಏನು ಮಾಡ್ಬೇಕು ಅಂತಲೇ ತೋಚಲ್ಲ" ಎಂದರು. ಮತ್ತೆ ನಾನು ಕೇಳಲಿಲ್ಲ.

ಆ ಸ್ಟುಡಿಯೊಗೆ ಒಂದು ಕಿಟಕಿಯೂ ಇಲ್ಲ. ಅಲ್ಲಿ ಬೆಳಗ್ಗೆಯೂ ಸಂಜೆಯೂ, ಬೇಸಿಗೆಯಲ್ಲೂ ಹಿಮದಲ್ಲೂ, ಇರುವುದು ಅದೇ ಎರಡು ದೀಪಗಳ ಬೆಳಕು. ಅದು ಅತಾ ಅವರಿಗೂ ಗೊತ್ತು.